ರಾತ್ರಿ ಒಂಬತ್ತರ ಝೂಮ್ ಬೈಬಲ್ ಕ್ಲಾಸ್: ಮನೆಯವರು ಪಂಥಕ್ಕೆ ಸೇರಿದರೆ ಏನು ಮಾಡಬೇಕು

ಮನೆಯಲ್ಲಿ ಯಾರಾದರೂ ಹೊಸದಾಗಿ ಬೈಬಲ್ ಸ್ಟಡಿ ಶುರುಮಾಡಿದರೆ ಕ್ರೈಸ್ತ ಅಪ್ಪ ಅಮ್ಮನಿಗೆ ಖುಷಿಯೇ ಆಗುತ್ತದೆ. ಅದಕ್ಕೇ ಅದು ಪಂಥದ ಕ್ಲಾಸು ಅಂತ ಗೊತ್ತಾಗುವುದು ತಡ. ಮಗಳು ಬೆಂಗಳೂರಿನ ಪಿಜಿಯಲ್ಲಿದ್ದಾಳೆ, ವಾರಕ್ಕೆ ಮೂರ್ನಾಲ್ಕು ರಾತ್ರಿ ಝೂಮ್‌ನಲ್ಲಿ ಸತ್ಯವೇದ ಕಲಿಯುತ್ತಾಳೆ, ನೋಟ್ಸ್ ಬರೆಯುತ್ತಾಳೆ, ಪರೀಕ್ಷೆ ಕೂಡ ಇದೆಯಂತೆ. ಬೇಡ ಅನ್ನುವುದಕ್ಕೆ ಏನಿದೆ? ಆದರೆ "ಯಾವ ಸಭೆಯವರಮ್ಮ ಕಲಿಸೋದು?" ಅಂತ ಕೇಳಿದಾಗ ಅವಳು ಮಾತು ತಿರುಗಿಸಿದರೆ, ಮುಂದಕ್ಕೆ ಓದಿ.

ಪಂಥಗಳು, ಅಂದರೆ ಇಂಗ್ಲಿಷಿನಲ್ಲಿ ಕಲ್ಟ್ ಅನ್ನುವಂಥ ಗುಂಪುಗಳು, ನೂರಾರು ಇವೆ. ಎಲ್ಲವನ್ನೂ ಒಂದೇ ಬರಹದಲ್ಲಿ ಹೇಳಲು ಹೋದರೆ ಯಾವುದೂ ಅರ್ಥವಾಗುವುದಿಲ್ಲ. ಹಾಗಾಗಿ ಕೊರಿಯಾದ ಶಿಂಚೊಂಜಿಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ. ಕೋವಿಡ್ ನಂತರ ಆನ್‌ಲೈನ್ ಕ್ಲಾಸುಗಳ ಮೂಲಕ ಅದು ಭಾರತಕ್ಕೂ ಬಂದಿದೆ, ಈಶಾನ್ಯ ರಾಜ್ಯಗಳ ಸಭೆಗಳು ತಮ್ಮ ಜನರಿಗೆ ಎಚ್ಚರಿಕೆ ಕೊಟ್ಟಿವೆ. ಇದರ ಕೆಲಸದ ರೀತಿ ತಿಳಿದರೆ ಬೇರೆಯವನ್ನು ಗುರುತಿಸುವುದೂ ಸುಲಭ.

ಅವರು ಯಾರು

ಲೀ ಮನ್-ಹೀ ಅನ್ನುವವರು 1984ರಲ್ಲಿ ಶುರುಮಾಡಿದ ಗುಂಪು ಇದು. ಹೆಸರಿನ ಅರ್ಥ 'ಹೊಸ ಆಕಾಶ, ಹೊಸ ಭೂಮಿ', ಸತ್ಯವೇದದ ಕೊನೆಯ ಗ್ರಂಥವಾದ ಪ್ರಕಟನೆಯ 21ನೇ ಅಧ್ಯಾಯದಿಂದ ತೆಗೆದದ್ದು. ಲೀ ಮೊದಲು ಕೊರಿಯಾದಲ್ಲೇ ಇಂಥ ಒಂದೆರಡು ಗುಂಪುಗಳಲ್ಲಿ ಇದ್ದು ಬಂದವರು. ಪ್ರಕಟನೆ ಗ್ರಂಥದ ಘಟನೆಗಳು ಕೊರಿಯಾದ ಗ್ವಾಚನ್ ಅನ್ನುವ ಊರಿನಲ್ಲಿ, ಅವರು ಮುಂಚೆ ಇದ್ದ ಒಂದು ಸಭೆಯಲ್ಲೇ ನೆರವೇರಿದವು, ಅದನ್ನು ಕಣ್ಣಾರೆ ಕಂಡ ಸಾಕ್ಷಿ ತಾನೇ ಎನ್ನುವುದು ಅವರ ಬೋಧನೆ. ಯೇಸು ಮಾತುಕೊಟ್ಟ ಸಹಾಯಕ ಪವಿತ್ರಾತ್ಮನು ಅಂತ ನಾವು ಚಿಕ್ಕಂದಿನಿಂದ ಕಲಿತಿದ್ದೇವೆ ಅಲ್ವಾ? ಅಲ್ಲಿ ಆ ಜಾಗಕ್ಕೆ 'ವಾಗ್ದಾನದ ಪಾಲಕ' ಎಂದು ಈ ಮನುಷ್ಯ ಬಂದು ಕೂರುತ್ತಾರೆ. ಆದರೆ ಇದನ್ನು ಮೊದಲ ದಿನ ಯಾರೂ ಹೇಳುವುದಿಲ್ಲ. ಮೊದಲ ತಿಂಗಳೂ ಹೇಳುವುದಿಲ್ಲ.

ಜಗತ್ತಿಗೆ ಈ ಹೆಸರು ಗೊತ್ತಾಗಿದ್ದು 2020ರ ಫೆಬ್ರವರಿಯಲ್ಲಿ. ದೇಗು ನಗರದ ಇವರ ಆರಾಧನೆಯಿಂದ ಕೋವಿಡ್ ಹಬ್ಬಿತು. ಸದಸ್ಯರ ಪಟ್ಟಿ ತೆಗೆಯುವಾಗ ಗೊತ್ತಾದದ್ದೇನೆಂದರೆ, ಎಷ್ಟೋ ಜನ ತಾವು ಸದಸ್ಯರು ಅಂತ ಮನೆಯವರಿಗೂ ಹೇಳಿರಲಿಲ್ಲ. ಆ ವರ್ಷ ಲೀ ಬಂಧನವೂ ಆಯಿತು. ಮುಂದೆ ಕೋರ್ಟು ಸಂಸ್ಥೆಯ ಹಣ ದುರುಪಯೋಗದ ಆರೋಪದಲ್ಲಿ ಶಿಕ್ಷೆ ಕೊಟ್ಟು ಅದನ್ನು ಅಮಾನತಿನಲ್ಲಿಟ್ಟಿತು. ಆದರೆ ಸೋಂಕು ನಿಯಂತ್ರಣಕ್ಕೆ ಅಡ್ಡಿಮಾಡಿದರು ಅನ್ನುವ ಆರೋಪದಿಂದ ಬಿಡುಗಡೆ ಮಾಡಿತು. ಎರಡನ್ನೂ ಹೇಳಬೇಕು. ಒಂದನ್ನೇ ಹೇಳಿದರೆ ಸುಳ್ಳಾಗುತ್ತದೆ, ಮತ್ತು ಆ ಗುಂಪಿನೊಳಗಿರುವ ನಿಮ್ಮ ಮಗಳು ಆ ಸುಳ್ಳನ್ನು ಐದು ನಿಮಿಷದಲ್ಲಿ ಹಿಡಿಯುತ್ತಾಳೆ. ಆಮೇಲೆ ನೀವು ಹೇಳುವ ನಿಜವನ್ನೂ ಅವಳು ಕೇಳುವುದಿಲ್ಲ.

ಮೊದಲು ನೋಡಬೇಕಾದ್ದು ಗುಟ್ಟು

ನಮ್ಮ ಜನರಿಗೆ ಪಂಥ ಅಂದ ಕೂಡಲೇ ಬೋಧನೆಯ ತಪ್ಪು ಹುಡುಕುವ ಅಭ್ಯಾಸ. ಅದು ಬೇಕು, ಆದರೆ ಆಮೇಲೆ. ಕಲಿಯುತ್ತಿರುವವರಿಗೆ ಬೋಧನೆ ಪೂರ್ತಿ ತೋರಿಸಿರುವುದೇ ಇಲ್ಲ, ಇನ್ನು ತಪ್ಪು ಎಲ್ಲಿಂದ ಹಿಡಿಯುತ್ತೀರಿ? ಮೊದಲು ನೋಡಬೇಕಾದ್ದು ಇದೆಲ್ಲ ಎಷ್ಟು ಬಯಲಿನಲ್ಲಿ ನಡೆಯುತ್ತಿದೆ ಅನ್ನುವುದು.

ಶಿಂಚೊಂಜಿಯಲ್ಲಿ ಹೀಗೆ ನಡೆಯುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲೋ ಕಾಲೇಜಿನಲ್ಲೋ ಒಬ್ಬರು ಪರಿಚಯವಾಗುತ್ತಾರೆ, ಬಹಳ ಪ್ರೀತಿಯಿಂದ ಮಾತಾಡುತ್ತಾರೆ, "ನಿನಗಾಗಿ ಪ್ರಾರ್ಥನೆ ಮಾಡಲಾ?" ಅನ್ನುತ್ತಾರೆ. ಕೆಲವು ದಿನ ಕಳೆದು ಒಬ್ಬ ಒಳ್ಳೆಯ ಟೀಚರ್ ಇದ್ದಾರೆ ಎನ್ನುತ್ತಾರೆ. ಕ್ಲಾಸು ಹಲವು ತಿಂಗಳು, ಪದೇ ಪದೇ ಪರೀಕ್ಷೆ. ನಿಮ್ಮ ಪಕ್ಕದಲ್ಲಿ ನಿಮ್ಮ ಹಾಗೇ ಹೊಸಬರಂತೆ ಕೂತು ಪ್ರಶ್ನೆ ಕೇಳುವ ಒಬ್ಬ ಗೆಳತಿ ಇರುತ್ತಾಳೆ. ಅವಳು ಹಳೆಯ ಸದಸ್ಯೆ. ನಿಮಗೇನು ಅನುಮಾನ ಬಂತು, ಮನೆಯಲ್ಲಿ ಯಾರ ಜೊತೆ ಜಗಳ, ಎಲ್ಲವೂ ಅವಳ ಮೂಲಕ ಟೀಚರಿಗೆ ತಲುಪುತ್ತದೆ. ಕೊರಿಯಾದಲ್ಲಿ ಇಂಥವರಿಗೆ 'ಎಲೆ' ಅನ್ನುತ್ತಾರೆ. ಬೇರೆ ಸಭೆಗಳಿಗೆ ಸದಸ್ಯರಂತೆ ನುಸುಳಿ ಜನರನ್ನು ಸೆಳೆದು ತರುವವರಿಗೆ 'ಕೊಯ್ಲುಗಾರರು'. ಇದರಿಂದ ಬೇಸತ್ತು ಅಲ್ಲಿನ ಎಷ್ಟೋ ಚರ್ಚುಗಳು ಬಾಗಿಲಿಗೆ 'ಶಿಂಚೊಂಜಿಯವರಿಗೆ ಪ್ರವೇಶವಿಲ್ಲ' ಎಂದು ಸ್ಟಿಕ್ಕರ್ ಅಂಟಿಸಿಕೊಂಡವು.

ಗುಟ್ಟಾಗಿಡಲು ವಚನವನ್ನೂ ಕೊಡುತ್ತಾರೆ. ಹೊಲದಲ್ಲಿ ಬಚ್ಚಿಟ್ಟ ನಿಧಿ, ಹಾವಿನಂತೆ ಜಾಣರಾಗಿರಿ, ಹೀಗೆ. ಇದಕ್ಕೆ ಉತ್ತರ ಯೋಹಾನ 18:20. ಮಹಾಯಾಜಕನ ಮುಂದೆ ನಿಂತ ಯೇಸು ತಾನು ಲೋಕದ ಮುಂದೆ ಬಹಿರಂಗವಾಗಿ ಮಾತಾಡಿದ್ದೇನೆ, ಗುಟ್ಟಾಗಿ ಏನೂ ಹೇಳಲಿಲ್ಲ ಎನ್ನುತ್ತಾನೆ. ಕ್ರಿಸ್ತನು ಒಳಕೋಣೆಯಲ್ಲಿದ್ದಾನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ ಎಂದು ಮತ್ತಾಯ 24:26ರಲ್ಲಿ ಹೇಳಿದವನೂ ಅವನೇ.

ಹಾಗಾಗಿ ನಿಮಗೇ ಇಂಥ ಆಹ್ವಾನ ಬಂದರೆ ಸೀದಾ ಕೇಳಿ. ನಿಮ್ಮ ಸಭೆಯ ಪೂರ್ತಿ ಹೆಸರೇನು? ನಡೆಸುವವರು ಯಾರು? ನಮ್ಮ ಪಾಸ್ಟರನ್ನೋ ಫಾದರನ್ನೋ ಒಂದು ದಿನ ಜೊತೆಗೆ ಕರೆತರಬಹುದಾ? ಕೋರ್ಸಿನ ಕೊನೆಯಲ್ಲಿ ಕಲಿಸುವ ಪಾಠ ಯಾವುದು, ಅದನ್ನು ಇವತ್ತೇ ಓದಲು ಕೊಡುತ್ತೀರಾ? ಉತ್ತರ ಏನೇ ಬರಲಿ, "ಈಗಲೇ ಯಾರಿಗೂ ಹೇಳಬೇಡ, ಸೈತಾನನು ವಾಕ್ಯವನ್ನು ಕಿತ್ತುಕೊಳ್ಳುತ್ತಾನೆ" ಅನ್ನುವ ಮಾತು ಬಂದರೆ ಅಲ್ಲಿಗೆ ನಿಲ್ಲಿಸಿ. ಮುಲಾಜು ಬೇಡ. ಬೆರೋಯ ಊರಿನವರು ಅಪೊಸ್ತಲ ಪೌಲನ ಮಾತನ್ನೇ ಶಾಸ್ತ್ರದ ಜೊತೆ ಹೋಲಿಸಿ ನೋಡಿದರು, ಅದಕ್ಕೆ ಸತ್ಯವೇದ ಅವರನ್ನು ಹೊಗಳಿದೆಯೇ ಹೊರತು ಬೈದಿಲ್ಲ.

ವಚನಗಳ ಲೆಕ್ಕ

ಬೋಧನೆ ಪರೀಕ್ಷಿಸುವ ಸಮಯ ಬಂದಾಗ ಇಡೀ ದೇವಶಾಸ್ತ್ರ ತೆಗೆಯಬೇಡಿ. ಒಂದೋ ಎರಡೋ ವಚನ ಸಾಕು, ಅಧ್ಯಾಯ ಪೂರ್ತಿ ಒಟ್ಟಿಗೆ ಓದಿ. ಉದಾಹರಣೆಗೆ, ಸತ್ಯವೇದದ ಪ್ರತಿ ವಚನಕ್ಕೂ ಒಂದು ಜೋಡಿ ವಚನ ಇದೆ, ಎರಡನ್ನೂ ಕೂಡಿಸಿದರೆ ಗುಪ್ತ ಅರ್ಥ ಸಿಗುತ್ತದೆ ಅಂತ ಅವರು ಕಲಿಸುತ್ತಾರೆ. ಆಧಾರ ಯೆಶಾಯ 34:16. ಆ ಅಧ್ಯಾಯವನ್ನು ಮೊದಲಿನಿಂದ ಓದಿ ನೋಡಿ. ಅದು ಎದೋಮಿನ ಮೇಲಿನ ನ್ಯಾಯತೀರ್ಪು. ಊರು ಹಾಳುಬಿದ್ದು ಅಲ್ಲಿ ಗೂಬೆ, ಹದ್ದು, ಕಾಡುಪ್ರಾಣಿಗಳು ಸೇರಿಕೊಳ್ಳುತ್ತವೆ, ಒಂದಕ್ಕೂ ಜೋಡಿ ತಪ್ಪುವುದಿಲ್ಲ ಅನ್ನುತ್ತದೆ. ಹಕ್ಕಿಗಳ ಜೋಡಿಯನ್ನು ವಚನಗಳ ಜೋಡಿ ಮಾಡಿದ್ದಾರೆ! ಈ ಒಂದು ವಚನದ ಮೇಲೆ ಅವರ ಕಲಿಕೆಯ ರೀತಿ ಎಷ್ಟೋ ಪಾಲು ನಿಂತಿದೆ.

ಇನ್ನೊಂದು, ಪ್ರಕಟನೆ 7ರಲ್ಲಿ ದೇವರ ಮುದ್ರೆ ಪಡೆಯುವ 1,44,000 ಜನ. ಅವರು ತಮ್ಮ 12 ಕುಲಗಳವರೇ ಎನ್ನುತ್ತಾರೆ ಶಿಂಚೊಂಜಿಯವರು. ಆದರೆ ಆ ಅಧ್ಯಾಯದಲ್ಲಿರುವುದು ಇಸ್ರಾಯೇಲಿನ ಕುಲಗಳು: ಯೂದ, ರೂಬೇನ್, ಗಾದ್... ಶಿಂಚೊಂಜಿಯ 12 ಕುಲಗಳಿಗೆ ಇರುವುದು ಯೋಹಾನ, ಪೇತ್ರ, ಅಂದ್ರೆಯ, ತೋಮ, ಹೀಗೆ ಶಿಷ್ಯರ ಹೆಸರು. ಪಟ್ಟಿಯೇ ಬೇರೆ. ಸಂಖ್ಯೆಯೂ ಕೈಕೊಟ್ಟಿತು. 2020ರ ಹೊತ್ತಿಗೆ ಅವರ ಸದಸ್ಯರು 2 ಲಕ್ಷ ದಾಟಿದ್ದರು. ಆಗ ಹಾಜರಿ, ಪರೀಕ್ಷೆಯ ಅಂಕ, ಎಷ್ಟು ಜನರನ್ನು ಕರೆತಂದೆ ಅನ್ನುವುದರ ಮೇಲೆ ಮುದ್ರೆ ಬೀಳುತ್ತದೆ ಅನ್ನುವ ಒತ್ತಡ ಜಾಸ್ತಿಯಾಯಿತು. ರಕ್ಷಣೆ ಕೃಪೆಯಿಂದ ಅಂತ ಹಾಡಿ ಬೆಳೆದ ಮಕ್ಕಳು ಸೀಟಿಗಾಗಿ ಸಿಇಟಿ ಬರೆಯುವವರ ಹಾಗೆ ನಿದ್ದೆಗೆಡುತ್ತಾರೆ.

'ತಾಯಿ ದೇವರು' ಅಂತ ಮಾಲ್‌ಗಳಲ್ಲಿ, ಕಾಲೇಜು ಗೇಟಿನಲ್ಲಿ ಮಾತಿಗೆಳೆಯುವವರು ಬೇರೆ ಗುಂಪು. 1964ರಲ್ಲಿ ಕೊರಿಯಾದಲ್ಲೇ ಹುಟ್ಟಿತು, ಸ್ಥಾಪಕರು 1985ರಲ್ಲಿ ತೀರಿಕೊಂಡರು, ಈಗಲೂ ಇರುವ ಒಬ್ಬ ಮಹಿಳೆಯನ್ನು ತಾಯಿ ದೇವರು ಎನ್ನುತ್ತಾರೆ. ಅವರ ವಚನ ಗಲಾತ್ಯ 4:26, ಮೇಲಣ ಯೆರೂಸಲೇಮ್ ನಮಗೆ ತಾಯಿ ಅನ್ನುವುದು. ಅದನ್ನೂ ಹೀಗೇ 21ನೇ ವಚನದಿಂದ ಓದಿ, ಅಬ್ರಹಾಮನ ಮನೆಯ ಹಾಗರಳು ಸಾರಳ ವಿಷಯ ಅಂತ ತಾನಾಗಿ ಗೊತ್ತಾಗುತ್ತದೆ.

ಮನೆಯವರು ಒಳಗೆ ಹೋಗಿಬಿಟ್ಟಿದ್ದರೆ

ಇಲ್ಲಿ ನಮ್ಮ ಕುಟುಂಬಗಳು ಎಡವುತ್ತವೆ. ಫೋನ್ ಕಿತ್ತುಕೊಳ್ಳುವುದು, ಅತ್ತು ಕರೆದು ರಂಪ ಮಾಡುವುದು, ಚಿಕ್ಕಪ್ಪ ದೊಡ್ಡಪ್ಪನನ್ನೆಲ್ಲ ಕೂರಿಸಿ ಪಂಚಾಯಿತಿ ಮಾಡುವುದು, "ನೀನು ನಮ್ಮ ಪಾಲಿಗೆ ಸತ್ತೆ" ಅನ್ನುವುದು. ಇವೆಲ್ಲ ಆಗುತ್ತವೆ ಅಂತ ಟೀಚರ್ ಮೊದಲೇ ಹೇಳಿರುತ್ತಾರೆ. ಒಬ್ಬನಿಗೆ ಅವನ ಮನೆಯವರೇ ವೈರಿಗಳು ಅನ್ನುವ ಮತ್ತಾಯ 10:36 ಅವಳ ನೋಟ್ಸಿನಲ್ಲಿ ಆಗಲೇ ಇರಬಹುದು. ನೀವು ಕೂಗಾಡಿದ ದಿನ ಅದು ನೆರವೇರಿತು ಎಂದಾಗುತ್ತದೆ.

ಹಾಗಾಗಿ ಊಟಕ್ಕೆ ಕರೆಯುತ್ತಲೇ ಇರಿ. ಕ್ರಿಸ್ಮಸ್ಸಿಗೆ ಕುಸ್ವಾರ್ ತಿಂಡಿ ಮಾಡುವ ದಿನ ಅವಳ ಕೈಗೂ ಹಿಟ್ಟು ಕೊಡಿ. ಹಳೆಯ ಸ್ನೇಹಿತೆಯರಿಗೆ ಹೇಳಿ, ಫೋನ್ ಮಾಡುತ್ತಿರಿ, ಧರ್ಮದ ಮಾತು ಬೇಡ, ಸಿನಿಮಾಗೆ ಕರೆಯಿರಿ. ಒಳಗೆ ಹೋದವರಿಗೆ ಹೊರಗಿನ ನಂಟು ಒಂದಾದರೂ ಉಳಿದಿರಬೇಕು, ಬರಬೇಕು ಅನ್ನಿಸಿದ ದಿನ ಬರಲಿಕ್ಕೆ ಒಂದು ಮನೆ ಬೇಕು. ಮಾತಾಡುವಾಗ ವಾದಕ್ಕಿಂತ ಪ್ರಶ್ನೆ ಒಳ್ಳೆಯದು. "ಆ ಗೆಳತಿ ಹಳಬಳು ಅಂತ ಗೊತ್ತಾದಾಗ ನಿನಗೆ ಏನನ್ನಿಸಿತು?" "ನಿನಗೆ ಅನುಮಾನ ಬಂದರೆ ಅಲ್ಲಿ ಕೇಳಬಹುದಾ?" ಕೇಳಿ, ಸುಮ್ನೆ ಇರಿ. ಉತ್ತರ ಅವತ್ತೇ ಬರಬೇಕೆಂದಿಲ್ಲ. ಹಣದ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ: ಕಾಲೇಜು ಫೀಸನ್ನು ನೇರ ಕಾಲೇಜಿಗೇ ಕಟ್ಟಿ, ಕೈಸಾಲ ಕೊಡಬೇಡಿ.

ಬಲವಂತವಾಗಿ ಕೂಡಿಹಾಕಿ 'ಸರಿಮಾಡುವ' ಯೋಚನೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಜಪಾನಿನಲ್ಲಿ ಏಕೀಕರಣ ಚರ್ಚ್ (ಯೂನಿಫಿಕೇಶನ್ ಚರ್ಚ್) ಅನ್ನುವ ಕೊರಿಯಾ ಮೂಲದ ಇನ್ನೊಂದು ಗುಂಪಿನ ಒಬ್ಬ ಸದಸ್ಯನನ್ನು ಮನೆಯವರು 12 ವರ್ಷಕ್ಕೂ ಹೆಚ್ಚು ಕಾಲ ಹೀಗೇ ಇಟ್ಟಿದ್ದರು. ಅವನು ನಂಬಿಕೆ ಬಿಡಲಿಲ್ಲ, ಹೊರಬಂದು ಕೇಸು ಹಾಕಿ ಗೆದ್ದ. ವಯಸ್ಕರನ್ನು ಕೂಡಿಹಾಕುವುದು ನಮ್ಮಲ್ಲೂ ಅಪರಾಧವೇ.

ಪೊಲೀಸರ ಹತ್ತಿರ ಯಾವಾಗ ಹೋಗಬೇಕು? ಮೋಸದಿಂದ ಹಣ ಹೋದಾಗ, ಬೆದರಿಕೆ ಬಂದಾಗ, ಮೈಮೇಲೆ ಕೈಹಾಕಿದಾಗ 112. ಮಕ್ಕಳ ವಿಷಯವಾದರೆ 1098. ಚಿಕಿತ್ಸೆ ಬೇಡ, ಉಪವಾಸ ಇರು ಅನ್ನುವ ಗುಂಪಾದರೆ ಕಾಯಬೇಡಿ. 2023ರಲ್ಲಿ ಕೀನ್ಯಾದ ಶಕಹೋಲಾ ಕಾಡಿನಲ್ಲಿ, ಉಪವಾಸವಿದ್ದು ಸತ್ತರೆ ಯೇಸುವನ್ನು ಕಾಣುತ್ತೀರಿ ಎಂದು ನಂಬಿಸಿದ ಗುಂಪಿನವರ 400ಕ್ಕೂ ಹೆಚ್ಚು ಶವಗಳನ್ನು ಅಗೆದು ತೆಗೆದರು, ಅದರಲ್ಲಿ ಮಕ್ಕಳೂ ಇದ್ದರು. ಆದರೆ ಬರೀ ನಂಬಿಕೆ ಬೇರೆ ಅನ್ನುವ ಕಾರಣಕ್ಕೆ ದೂರು ಕೊಡಲು ಹೋಗಬೇಡಿ, ಊರಿನ ಹುಡುಗರನ್ನು ಕಟ್ಟಿಕೊಂಡು ಅವರ ಪ್ರಾರ್ಥನಾ ಮನೆಗೆ ನುಗ್ಗುವ ಮಾತಂತೂ ಬೇಡವೇ ಬೇಡ. ಪ್ರಾರ್ಥನೆ ನಡೆಯುವಾಗ ಗುಂಪು ಬಂದು ಬಾಗಿಲು ಬಡಿದರೆ ಹೇಗಿರುತ್ತದೆ ಅಂತ ಕರ್ನಾಟಕದ ಕ್ರೈಸ್ತರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಸಭೆಯವರಿಗೆ ಎರಡು ಮಾತು

ನಮ್ಮ ಸಭೆ ಅಲ್ಲದ್ದೆಲ್ಲ ಪಂಥವಲ್ಲ. ಸಿಎಸ್‌ಐನವರು ಪೆಂತೆಕೊಸ್ತಿನವರನ್ನು, ಅವರು ಕಥೋಲಿಕರನ್ನು ಹಾಗೆ ಕರೆಯುವುದು ಸಾಕು. ಅದೇ ಹೊತ್ತಿಗೆ ಬೋರ್ಡಿನ ಮೇಲೆ ಒಳ್ಳೆಯ ಹೆಸರಿದ್ದ ಮಾತ್ರಕ್ಕೆ ಎಲ್ಲವೂ ಸರಿ ಅಂತಲೂ ಅಲ್ಲ. 1978ರ ನವೆಂಬರ್‌ನಲ್ಲಿ ಗಯಾನಾದ ಜೋನ್ಸ್‌ಟೌನ್‌ನಲ್ಲಿ 900ಕ್ಕೂ ಹೆಚ್ಚು ಜನರನ್ನು ಸಾವಿಗೆ ನಡೆಸಿದ ಜಿಮ್ ಜೋನ್ಸ್ ಅಮೆರಿಕದ ಒಂದು ದೊಡ್ಡ, ಗೌರವಸ್ಥ ಸಭಾಮಂಡಲದಿಂದ ದೀಕ್ಷೆ ಪಡೆದ ಪಾಸ್ಟರ್. ನಿಮ್ಮ ಪಾಸ್ಟರಿಗೆ ಲೆಕ್ಕ ಕೇಳಿದರೆ "ಅಭಿಷಿಕ್ತರನ್ನು ಮುಟ್ಟಬೇಡಿ" ಅನ್ನುವ ಉತ್ತರ ಬರುತ್ತದಾ? ಮೊದಲು ಅದನ್ನು ನೋಡಿಕೊಳ್ಳಿ. ಪ್ರಶ್ನೆ ಕೇಳಬಾರದು ಅಂತ ನಾವೇ ಕಲಿಸಿದ ಮಕ್ಕಳು ಬೇರೆ ಕಡೆಯೂ ಪ್ರಶ್ನೆ ಕೇಳುವುದಿಲ್ಲ.

ಪ್ರಕಟನೆ ಗ್ರಂಥವನ್ನು ಕಷ್ಟ ಅಂತ ಬಿಟ್ಟುಬಿಟ್ಟಿರುವ ಸಭೆಗಳೇ ಜಾಸ್ತಿ. ಯುವಕರ ಕೂಟದಲ್ಲಿ ಅದನ್ನು ನಿಧಾನವಾಗಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಒಪ್ಪಿಕೊಂಡು ಓದಿಸಿ. ಊರಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದ ಹುಡುಗ ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಎದ್ದು ಹೋಗುತ್ತಾನೆ, ಹೆಸರು ಕೇಳುವವರಿಲ್ಲ. ಆ ಝೂಮ್ ಟೀಚರ್ ಅವನಿಗೆ ದಿನಾ ಊಟ ಆಯ್ತಾ ಅಂತ ಮೆಸೇಜು ಮಾಡುತ್ತಾರೆ. ಅವನು ಯಾರ ಕಡೆ ಹೋಗುತ್ತಾನೆ ಹೇಳಿ.

ವಾಪಸ್ ಬಂದ ಮೇಲೆ

ಬಂದ ವಾರವೇ ಮೈಕ್ ಕೊಟ್ಟು ಸಾಕ್ಷಿ ಹೇಳಿಸಬೇಡಿ. ಅವರು ಸ್ನೇಹಿತರನ್ನು, ವರ್ಷಗಳನ್ನು, ಕೆಲವರು ಓದನ್ನೇ ಕಳೆದುಕೊಂಡಿರುತ್ತಾರೆ, ಅದರ ಮೇಲೆ ತಾವೇ ಕರೆದುಕೊಂಡು ಹೋದ ಗೆಳೆಯರು ಇನ್ನೂ ಒಳಗಿದ್ದಾರೆ ಅನ್ನುವ ಅಪರಾಧಿ ಭಾವ ಬೇರೆ. ಸತ್ಯವೇದ ತೆರೆದರೆ ಆ ಟೀಚರಿನ ದನಿಯೇ ಕೇಳಿಸುತ್ತದೆ ಅನ್ನುವವರೂ ಉಂಟು. ಅವರಿಗೆ "ವಾಕ್ಯ ಓದು, ಎಲ್ಲ ಸರಿಹೋಗುತ್ತೆ" ಅನ್ನಬೇಡಿ. ಸ್ವಲ್ಪ ದಿನ ಬರೀ ಹಾಡಲಿ, ಇಲ್ಲವಾದರೆ ಮನೆಯಲ್ಲೇ ಇರಲಿ. ನಿದ್ದೆ ಬಾರದಿದ್ದರೆ, ಭಯ ಹೋಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಫೋನ್ ಮಾಡಿಸಿ. ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಮನೋವೈದ್ಯರ ಹತ್ತಿರ ಹೋಗುವುದು ನಂಬಿಕೆಯ ಕೊರತೆ ಅಂತ ಯಾರಾದರೂ ಅಡ್ಡಬಂದರೆ ಅವರನ್ನು ಹೊರಗೆ ಕೂರಿಸಿ.

ಅವರಿಗೆ ಮನಸ್ಸಿದ್ದರೆ ಮಾತ್ರ, ಒಂದು ಕೆಲಸ ಮಾಡಬಹುದು. ಕ್ಲಾಸಿಗೆ ಹೇಗೆ ಕರೆದರು, ಗುಂಪಿಗೆ ಆಗ ಏನು ಹೆಸರು ಹೇಳಿದ್ದರು, ಯಾವ ವಾರ ಯಾವ ಪಾಠ, ಯಾವಾಗ ನಾಯಕನ ಹೆಸರು ಬಂತು ಅನ್ನುವುದನ್ನು ಬರೆಸಿ, ಅವರ ಹೆಸರು ತೆಗೆದು, ಪಾಸ್ಟರ್ ಕೈಗೆ ಕೊಡಿ. ಮುಂದಿನ ಮನೆಯವರು ಬಂದಾಗ ಬೇಕಾಗುತ್ತದೆ.