ಬ್ಯಾಟರಿ ಜೀಪಿನ ಭಯ ಬಿಟ್ಟಿದ್ದು ಹೀಗೆ

ಮಗನಿಗೆ ಮೂರು ವರ್ಷ ತುಂಬಿದಾಗ ನನ್ನ ತಮ್ಮ ಬ್ಯಾಟರಿ ಜೀಪು ತಂದುಕೊಟ್ಟ. 12 ವೋಲ್ಟ್ ಬ್ಯಾಟರಿ, ಹಿಂದಿನ ಚಕ್ರಗಳಿಗೆ ಒಂದೊಂದು ಮೋಟಾರು, ದೊಡ್ಡವರ ಕೈಗೊಂದು ರಿಮೋಟು. ಮಗುವನ್ನು ಕೂರಿಸಿ ರಿಮೋಟ್ ಒತ್ತಿದ್ದೇ ತಡ, ಚೀರಿಕೊಂಡು ನನ್ನ ಕೊರಳಿಗೆ ಜೋತುಬಿದ್ದ. ಆಮೇಲೆ ಜೀಪು ನಿಲ್ಲಿಸಿದ್ದ ವರಾಂಡದ ಕಡೆಗೇ ತಲೆ ಹಾಕಲಿಲ್ಲ.

'ಬಲವಂತವಾಗಿ ಎರಡು ಸುತ್ತು ಹೊಡೆಸಿ, ತಾನಾಗೇ ಸರಿಹೋಗ್ತಾನೆ' ಅಂದವರೇ ಜಾಸ್ತಿ. ನನಗೆ ಒಪ್ಪಿಗೆಯಾಗಲಿಲ್ಲ. ಅಳುವ ಮಗುವಿಗೆ ಬೆಲ್ಟ್ ಬಿಗಿದು ಕೂರಿಸಿದರೆ ಅಮ್ಮನ ಮೇಲಿನ ನಂಬಿಕೆಯೂ ಹೋಗುತ್ತದೆ, ಅಲ್ವಾ?

ಅವನು ಹೆದರಿದ್ದು ಯಾವುದಕ್ಕೆ ಅಂತ ಯೋಚಿಸಿದೆ. ಸದ್ದಿಗೆ ಹೆದರಿದ್ದಂತೂ ನಿಜ. ಮಿಕ್ಸಿ ಹಾಕಿದರೂ ಕಿವಿ ಮುಚ್ಚಿಕೊಳ್ಳುವ ಹುಡುಗ. ಈ ಗಾಡಿಗಳೊಳಗೆ ಪ್ಲಾಸ್ಟಿಕ್ ಗೇರುಗಳು ತಿರುಗುತ್ತವೆ, ಗರಗರ ಅನ್ನುವುದು ಅವೇ. ಚಕ್ರವೂ ಗಟ್ಟಿ ಪ್ಲಾಸ್ಟಿಕ್, ಸಿಮೆಂಟ್ ನೆಲದ ಮೇಲೆ ಸದ್ದು ಇನ್ನೂ ಜೋರು. ಆದರೆ ಅದಕ್ಕಿಂತ ದೊಡ್ಡದು ಇನ್ನೊಂದಿತ್ತು. ತಾನು ಏನೂ ಮಾಡದೇ ಗಾಡಿ ಜರ್ಕ್ ಹೊಡೆದು ಹೊರಟುಬಿಟ್ಟಿತ್ತು. ನಿಲ್ಲು ಅಂದರೆ ನಿಲ್ಲದ ವಸ್ತು ತನ್ನನ್ನು ಹೊತ್ತುಕೊಂಡು ಹೋದರೆ ಯಾರಿಗೆ ಭಯವಾಗಲ್ಲ? ಹಾಗಾಗಿ ಅವನ ಮಾತು ಕೇಳುವ ಜೀಪು ಅಂತ ಅವನಿಗೆ ಗೊತ್ತಾಗಬೇಕಿತ್ತು.

ಮೊದಲು ಸೀಟಿನ ಕೆಳಗಿನ ಬ್ಯಾಟರಿ ಕನೆಕ್ಟರ್ ಬಿಚ್ಚಿ, ಜೀಪನ್ನು ನಡುಮನೆಯಲ್ಲಿ ನಿಲ್ಲಿಸಿದೆ. ಯಾರೂ ಅದರ ಸುದ್ದಿ ಎತ್ತಲಿಲ್ಲ. ಸ್ವಲ್ಪ ದಿನಕ್ಕೆ ಅವನೇ ಬಾಗಿಲು ತೆಗೆದು ಹಾಕಿ ಮಾಡತೊಡಗಿದ. ಚೆಂಬಲ್ಲಿ ನೀರು ತಂದು ಒರೆಸಿದ್ದೂ ಆಯಿತು.

ಆಮೇಲೆ ಸದ್ದು. ಜೀಪಿನ ಹಿಂಭಾಗವನ್ನು ಇಟ್ಟಿಗೆಗಳ ಮೇಲೆ ಏರಿಸಿ, ಚಕ್ರ ನೆಲಕ್ಕೆ ತಾಗದ ಹಾಗೆ ಮಾಡಿದೆ. ಸದ್ದು ಬರುತ್ತದೆ, ಗಾಡಿ ಹೋಗಲ್ಲ. ಅವನು ಅಡುಗೆಮನೆ ಬಾಗಿಲಲ್ಲಿ ಅಜ್ಜಿಯ ಸೆರಗು ಹಿಡಿದು ನಿಂತ. 'ಹಾಕ್ಲಾ?' ಅಂತ ಕೇಳುತ್ತಿದ್ದೆ. 'ಹೂಂ' ಅಂದರೆ ಮಾತ್ರ ಹಾಕುವುದು. 'ಸಾಕು' ಅಂದ ತಕ್ಷಣ ಆಫ್. ಇದರಲ್ಲಿ ನಾನು ಒಂದು ಸಲವೂ ತಡಮಾಡಲಿಲ್ಲ. ಇನ್ನೊಂದು ನಿಮಿಷ ನೋಡೋಣ ಅಂತ ಎಳೆದಿದ್ದರೆ ಅವನು ಮತ್ತೆ 'ಹೂಂ' ಅನ್ನುತ್ತಿರಲಿಲ್ಲ.

ದಸರಾ ಹತ್ತಿರ ಬಂದಿತ್ತು. ತಾಲೀಮಿಗೆ ಬನ್ನಿಮಂಟಪದ ಕಡೆ ಹೊರಟ ಆನೆಗಳನ್ನು ಸಯ್ಯಾಜಿರಾವ್ ರಸ್ತೆಯಲ್ಲಿ ನೋಡಿ ಬಂದವನು ದಿನವಿಡೀ ಅದೇ ಆಟ ಆಡುತ್ತಿದ್ದ. ಅವನ ಬಟ್ಟೆ ಆನೆಯನ್ನು ಜೀಪಲ್ಲಿ ಕೂರಿಸಿ ಬೆಲ್ಟ್ ಹಾಕಿ, ರಿಮೋಟನ್ನು ಅವನ ಕೈಗೇ ಕೊಟ್ಟೆ. ಮೊದಮೊದಲು ಅವನು ಒತ್ತಿದ್ದು ನಿಲ್ಲಿಸುವ ಬಟನ್ ಒಂದೇ. ನಾನು ಹೊರಡಿಸುವುದು, ಅವನು ನಿಲ್ಲಿಸುವುದು. ನಿಂತಾಗಲೆಲ್ಲ ನನ್ನ ಮುಖ ನೋಡಿ ನಗುವುದು. ಆಮೇಲೆ ಹೊರಡಿಸುವುದೂ ಅವನೇ ಆದ. 'ಅಮ್ಮಾ, ಆನೆಗೆ ಭಯ ಇಲ್ಲ' ಅಂದ. ನಾನು ಸುಮ್ನೆ ತಲೆಯಾಡಿಸಿದೆ, ನಿನಗೆ ಯಾಕೆ ಭಯ ಅಂತ ಕೇಳಲಿಲ್ಲ.

ಅವನು ತಾನಾಗೇ ಹತ್ತಿ ಕೂತ ಮೇಲೆ ಜೀಪನ್ನು ಪಾರ್ಕಿನ ಹುಲ್ಲಿನ ಮೇಲೆ ಬಿಟ್ಟೆವು. ಹುಲ್ಲಲ್ಲಿ ಸದ್ದೂ ಕಡಿಮೆ, ಓಟವೂ ಕಡಿಮೆ. ವೇಗದ ಸ್ವಿಚ್ ನಿಧಾನದಲ್ಲೇ ಇತ್ತು. ಪೆಡಲ್ ಅವನ ಕಾಲಿಗೆ, ರಿಮೋಟ್ ನನ್ನ ಕೈಗೆ, ಅದೂ ಗೋಡೆ ಗಿಡ ಎದುರಾದಾಗ ನಿಲ್ಲಿಸೋಕೆ ಅಷ್ಟೇ. ಪೆಡಲ್ ಬಿಟ್ಟರೆ ಗಾಡಿ ನಿಲ್ಲುತ್ತದೆ ಅಂತ ಅವನ ಕಾಲಿಗೆ ಗೊತ್ತಾಗಿದ್ದೇ ಮೈ ಸಡಿಲವಾಯಿತು.

ಆಯುಧಪೂಜೆಯ ದಿನ ಅಪ್ಪನ ಸ್ಕೂಟರಿನ ಪಕ್ಕ ಅವನ ಜೀಪೂ ನಿಂತಿತು. ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ಚಕ್ರ ಹತ್ತದೆ ನಿಂಬೆ ಮುಂದಕ್ಕೆ ಉರುಳಿತು. ಎರಡು ಹೋಳು ಮಾಡಿ ಇಟ್ಟ ಮೇಲೆ ಅವನೇ ಪೆಡಲ್ ಒತ್ತಿ ಹತ್ತಿಸಿದ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದು ಅಜ್ಜಿ.

ಭಯ ಹೋದ ಮೇಲೆ ದೊಡ್ಡವರು ಕಣ್ಣಿಡೋದು ಇನ್ನೂ ಮುಖ್ಯ. ಗೇಟು ಹಾಕಿರಬೇಕು, ಇಳಿಜಾರು ಬೇಡ, ರಸ್ತೆಯಂತೂ ಬೇಡವೇ ಬೇಡ. ನಾವು ಹೆಲ್ಮೆಟ್ಟನ್ನೂ ಅಭ್ಯಾಸ ಮಾಡಿಸಿದ್ದೇವೆ.

ರಿವರ್ಸ್ ಮಾತ್ರ ಇನ್ನೂ ಬೇಡ ಅನ್ನುತ್ತಾನೆ, ಹಿಂದೆ ಏನಿದೆ ಕಾಣಲ್ಲ ಅಂತೆ. ಸದ್ಯಕ್ಕೆ ಅವನು ಇಳಿಯುತ್ತಾನೆ, ನಾನು ಜೀಪನ್ನು ಎತ್ತಿ ತಿರುಗಿಸಿ ಕೊಡುತ್ತೇನೆ.