ಇಂಗ್ಲಿಷ್ ಪದ್ಯಕ್ಕೂ ಅನ್ವಯ ಮಾಡಿ

ದ್ವಿತೀಯ ಪಿಯುಸಿ ಇಂಗ್ಲಿಷ್ ಉತ್ತರಪತ್ರಿಕೆ ತಿದ್ದಿದವರಿಗೆಲ್ಲ ಇದು ಗೊತ್ತು. ಯೇಟ್ಸ್ ಕವಿಯ 'ವೆನ್ ಯು ಆರ್ ಓಲ್ಡ್' ಪದ್ಯದ ಪ್ರಶ್ನೆಗೆ ಒಂದೇ ಕಟ್ಟಿನ ಹತ್ತಾರು ಮಕ್ಕಳು ಒಂದೇ ಉತ್ತರ ಬರೆದಿರುತ್ತಾರೆ. ಗೈಡಿನ ಮುದ್ರಾರಾಕ್ಷಸವೂ ಬಾಯಿಪಾಠವಾಗಿರುತ್ತದೆ. ಒಮ್ಮೆ ಅಂಥ ರಾಶಿಯ ನಡುವೆ ಒಬ್ಬ ಹುಡುಗ ಮಾತ್ರ 'ಪ್ರೇಮಿ ಓಡಿಹೋಗಿ ಬೆಟ್ಟ ಹತ್ತಿದ' ಎಂದು ಬರೆದಿದ್ದ. ಉತ್ತರ ತಪ್ಪು. ಆದರೆ ಪದ್ಯ ಓದಿದ್ದು ಅವನೊಬ್ಬನೇ.

ಇದೇ ಮಕ್ಕಳು ಪಕ್ಕದ ಕನ್ನಡ ತರಗತಿಯಲ್ಲಿ ಹಳಗನ್ನಡ ಪದ್ಯಕ್ಕೆ ಸಲೀಸಾಗಿ ಅನ್ವಯ ಮಾಡುತ್ತಾರೆ. ಅನ್ವಯ ಎಂದರೆ ಪದ್ಯದ ಪದಗಳನ್ನು ಗದ್ಯದ ಕ್ರಮಕ್ಕೆ ತಂದು ಓದುವುದು: ಪದ ಬಿಡಿಸು, ಕ್ರಿಯಾಪದ ಹುಡುಕು, ಯಾರು ಯಾರಿಗೆ ಹೇಳುತ್ತಿದ್ದಾರೆ ನೋಡು. ಇಂಗ್ಲಿಷ್ ಪದ್ಯಕ್ಕೂ ಇದನ್ನೇ ಮಾಡಬೇಕು.

ಮೊದಲ ಹೆಜ್ಜೆ: ಪಠ್ಯಪುಸ್ತಕ, ಪೆನ್ಸಿಲ್, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಹೈಲೈಟರ್ ಬೇಡ. ಅದು ಕೈಗೆ ಬಂದರೆ ಇಡೀ ಪುಟ ಹಳದಿಯಾಗುತ್ತದೆ, ತಲೆಗೆ ಏನೂ ಹೋಗಿರುವುದಿಲ್ಲ.

ಎರಡನೆಯದು: ಗೈಡ್ ತೆರೆಯುವ ಮೊದಲು ಪದ್ಯವನ್ನು ಎರಡು ಸಲ ಗಟ್ಟಿಯಾಗಿ ಓದಿ. ಅರ್ಥವಾಗದಿದ್ದರೂ ಓದಿ. ಅಂದಹಾಗೆ ಕವಿಯ ಹೆಸರು ಯೇಟ್ಸ್, 'ಯೀಟ್ಸ್' ಅಲ್ಲ.

ಮೂರನೆಯದು ಅನ್ವಯ. ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಹೋಗೋಣ. ಪದ್ಯದಲ್ಲಿ 12 ಸಾಲುಗಳಿವೆ, ಪೂರ್ಣವಿರಾಮ ಇರುವುದು ಕೊನೆಯಲ್ಲಿ ಒಂದೇ. ಅಂದರೆ ಇಡೀ ಪದ್ಯ ಒಂದೇ ವಾಕ್ಯ. ಸಾಲಿಗೊಂದು ಅರ್ಥ ಬರೆಯಲು ಹೊರಟವರು ಇದಕ್ಕೇ ದಾರಿ ತಪ್ಪುವುದು. ಮೊದಲು ಪೆನ್ಸಿಲ್ ಹಿಡಿದು ಕ್ರಿಯಾಪದಗಳಿಗೆ ಸುತ್ತು ಹಾಕಿ. ಪುಸ್ತಕ ಕೆಳಗಿಳಿಸು, ನಿಧಾನವಾಗಿ ಓದು, ಕನಸು ಕಾಣು, ಗುನುಗು. ನಾಲ್ಕೂ ಆಜ್ಞೆಗಳು! ಆಜ್ಞೆ ಯಾರಿಗೆ? ಇನ್ನೂ ಮುದುಕಿಯಾಗದ ಒಬ್ಬ ಹೆಣ್ಣಿಗೆ, ನೀನು ಮುದುಕಿಯಾದಾಗ ಹೀಗೆ ಮಾಡು ಎಂದು. ಇದನ್ನು ಬರೆದ 1891ರಲ್ಲಿ ಯೇಟ್ಸ್‌ಗೆ 26 ವರ್ಷ. ಇಷ್ಟು ಹಿಡಿದಿರಾದರೆ ಅರ್ಧ ಪದ್ಯ ನಿಮ್ಮದು.

ಆಮೇಲೆ ಹಿಂದುಮುಂದಾದ ಪದಗಳನ್ನು ಸರಿಪಡಿಸಿ. 'ಶ್ಯಾಡೋಸ್ ಡೀಪ್' ಎಂದರೆ ಡೀಪ್ ಶ್ಯಾಡೋಸ್, ಕಣ್ಣಿನ ಆಳವಾದ ನೆರಳು. ಪ್ರಾಸಕ್ಕಾಗಿ ತಿರುಗಿಸಿದ್ದಾರೆ, ನಮ್ಮ ಕವಿಗಳು ಮಾಡಿದ ಹಾಗೇ. ಮೊದಲೆರಡು ಸಾಲಿನಲ್ಲಿ 'ಆ್ಯಂಡ್' ಮೂರು ಸಲ ಬರುತ್ತದೆ. ಗಟ್ಟಿಯಾಗಿ ಓದಿದವರಿಗೆ ಅದು ತೂಕಡಿಸುವ ತಲೆಯ ಹಾಗೆ ಕೇಳಿಸಿರಬೇಕು.

ಪರಿಚಿತ ಪದಗಳ ಬಗ್ಗೆ ಹೆಚ್ಚು ಎಚ್ಚರ. ಅಪರಿಚಿತ ಪದವಾದರೆ ನಿಘಂಟು ನೋಡುತ್ತೀರಿ, ಗೊತ್ತಿರುವುದನ್ನು ಯಾರೂ ನೋಡುವುದಿಲ್ಲ. 'ಗ್ಲೋಯಿಂಗ್ ಬಾರ್ಸ್' ಎಂದರೆ ಜೈಲಿನ ಕಂಬಿ ಎಂದವರಿದ್ದಾರೆ, ದೀಪ ಹಾಕಿದ ಬಾರ್ ಎಂದವರೂ ಇದ್ದಾರೆ. ಅದು ಚಳಿದೇಶದ ಮನೆಯೊಳಗಿನ ಬೆಂಕಿಗೂಡಿನ ಕಬ್ಬಿಣದ ಸರಳು, ಕಾದು ಕೆಂಪಾಗಿದೆ. ಕೊನೆಯಲ್ಲಿ ಓಡಿಹೋಗುವ 'ಲವ್' ದೊಡ್ಡಕ್ಷರದಲ್ಲಿದೆ, ನೋಡಿ. ಬೆಟ್ಟದ ಮೇಲೆ ಅಡ್ಡಾಡಿ ನಕ್ಷತ್ರಗಳ ಗುಂಪಿನಲ್ಲಿ ಮುಖ ಮರೆಸಿಕೊಳ್ಳುವುದು ಪ್ರೇಮಿಯಲ್ಲ, ಮನುಷ್ಯರೂಪ ತಾಳಿದ ಪ್ರೇಮ. ನಮ್ಮ ಹುಡುಗ ಬಿದ್ದದ್ದು ಈ ಒಂದು ಅಕ್ಷರದಲ್ಲಿ. ಕನ್ನಡದಲ್ಲಿ ದೊಡ್ಡಕ್ಷರ ಇಲ್ಲವಲ್ಲ, ಕಣ್ಣು ಅದನ್ನು ಹುಡುಕುವುದಿಲ್ಲ.

ರೋಮಿಯೋ ಜೂಲಿಯೆಟ್ ಭಾಗಕ್ಕೂ ಇದೇ ವಿಧಾನ. ಗದ್ಯಪಾಠಕ್ಕೆ ಇಷ್ಟೆಲ್ಲ ಬೇಡ, ಎರಡು ಸಲ ಓದಿ ಘಟನೆಗಳನ್ನು ಕ್ರಮವಾಗಿ ಬರೆದಿಟ್ಟರೆ ಸಾಕು.

ನಾಲ್ಕನೆಯದು: ಅನ್ವಯವನ್ನು ಕನ್ನಡದಲ್ಲೇ ಬರೆದುಕೊಳ್ಳಿ, ಆದರೆ ಉತ್ತರವನ್ನು ಕನ್ನಡದಲ್ಲಿ ಬರೆದು ಅನುವಾದಿಸಬೇಡಿ. ಕ್ರಿಯಾಪದ ಕೊನೆಗೆ ಹೋಗಿ ಕೂತಿರುತ್ತದೆ. ಪುಸ್ತಕ ಮುಚ್ಚಿ, ಎಂಟು ಹತ್ತು ಪದಗಳ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ನೇರವಾಗಿ ಬರೆಯಿರಿ. ಗೈಡಿನಿಂದ ಎತ್ತಿದ ಉದ್ದನೆಯ ವಿಶೇಷಣ ಅಲ್ಲಿ ಬಿದ್ದರೆ, ಹರಕು ಅಂಗಿಗೆ ಜರತಾರಿ ತೇಪೆ ಹಾಕಿದ ಹಾಗೆ ದೂರಕ್ಕೇ ಕಾಣುತ್ತದೆ.

ಪಾಸಿಂಗ್ ಪ್ಯಾಕೇಜ್, ಅಂದರೆ ಪಾಸಾಗಲು ಬೇಕಾದಷ್ಟೇ ಆಯ್ದ ಪ್ರಶ್ನೋತ್ತರಗಳ ಕಟ್ಟು, ಅದರ ಬಗ್ಗೆ ಕೇಳುತ್ತೀರಿ. ಪಾಸಾಗುವುದೇ ಕಷ್ಟ ಎನ್ನುವವರಿಗೆ ಅದು ಆಸರೆ, ಬೈಯುವುದಿಲ್ಲ. ಆದರೆ ನೂರರಲ್ಲಿ 20 ಆಂತರಿಕ ಅಂಕ ಹೋಗಿ ಉಳಿದ 80ಕ್ಕೂ ಅದನ್ನೇ ನಂಬುವುದು ಬೇಡ. ಪರೀಕ್ಷೆಯ ಹಿಂದಿನ ರಾತ್ರಿ ಇಡೀ ಪಠ್ಯವನ್ನು ಒಂದು ಗಂಟೆಯಲ್ಲಿ ಮುಗಿಸುವ ವಿಡಿಯೊಗಳನ್ನಂತೂ ಮುಟ್ಟಬೇಡಿ. ನಾನು ನೋಡಿದ ಒಂದರಲ್ಲಿ ಮೇಷ್ಟ್ರು ಪದ್ಯವನ್ನು ಒಮ್ಮೆಯೂ ಓದಲಿಲ್ಲ.

ಕೊನೆಯದು: ಪದ್ಯದ ಕಥೆಯನ್ನು ಮನೆಯಲ್ಲಿ ಯಾರಿಗಾದರೂ ಕನ್ನಡದಲ್ಲಿ ಹೇಳಿ. ನನ್ನ ಹತ್ತಿರ ಪಾಠಕ್ಕೆ ಬರುವ ಹುಡುಗಿ ಅವರೆಕಾಳು ಬಿಡಿಸುತ್ತ ಕೂತಿದ್ದ ಅಜ್ಜಿಗೆ ಯೇಟ್ಸ್ ಕಥೆ ಹೇಳಿದಳಂತೆ. ಅಜ್ಜಿ ಕೇಳಿದ್ದು ಒಂದೇ: "ಕೊನೆಗೆ ಅವಳು ಅವನನ್ನ ಮದುವೆಯಾದ್ಲೇನೇ?" ಉತ್ತರ ಪದ್ಯದಲ್ಲಿಲ್ಲ. ಮರುದಿನ ಹುಡುಗಿ ನನ್ನ ಹತ್ತಿರ ಬಂದು ಕೇಳಿ, ಯೇಟ್ಸ್ ಪ್ರೀತಿಸಿದ್ದ ಮಾಡ್ ಗಾನ್ 1903ರಲ್ಲಿ ಬೇರೊಬ್ಬನನ್ನು ಮದುವೆಯಾದಳೆಂದು ತಿಳಿದುಕೊಂಡು, ಅಜ್ಜಿಗೆ ವರದಿ ಒಪ್ಪಿಸಲು ಹೋದಳು.