ಸ್ಟೀಲ್ ಷೇರು ಕೊಳ್ಳುವ ಮುಂಚೆ ಚಿಮಣಿಯ ಲೆಕ್ಕ ನೋಡಿ

ನಮ್ಮ ಭಾವ ಒಂದು ಉಕ್ಕಿನ ಕಂಪನಿಯ ವಾರ್ಷಿಕ ವರದಿ ತಿರುವಿದರು. ಸಸಿ ನೆಡುವ ಫೋಟೊ ಕಂಡಿತು. ‘ಪರಿಸರದ ತಕರಾರೇನೂ ಇಲ್ಲ’ ಎಂದು ಷೇರು ಕೊಂಡೇಬಿಟ್ಟರು! ಆ ಫೋಟೊ ಪುಟಗಳನ್ನು ಸುಮ್ನೆ ದಾಟಿಬಿಡಿ. ಆ್ಯಪ್‌ಗಳು ಕೊಡುವ ಇಎಸ್‌ಜಿ (ಪರಿಸರ, ಸಮಾಜ, ಆಡಳಿತ) ಅಂಕವನ್ನೂ ನಾನು ನಂಬುವುದಿಲ್ಲ.

ಮೊದಲು ಲಾಭ-ನಷ್ಟದ ಪಟ್ಟಿ. ಅಲ್ಲಿ ‘ಪರಿಸರ ಖರ್ಚು’ ಎಂಬ ಸಾಲು ಸಾಮಾನ್ಯವಾಗಿ ಸಿಗುವುದಿಲ್ಲ. ಇಂಧನ, ಸವಕಳಿ (ಯಂತ್ರದ ಬೆಲೆಯನ್ನು ಅದರ ಬಾಳಿಕೆಯ ವರ್ಷಗಳಿಗೆ ಹಂಚಿ ಕಳೆಯುವುದು) ಸಾಲುಗಳಲ್ಲಿ ಅದು ಬೆರೆತಿರುತ್ತದೆ. ಹೊಗೆಯ ದೂಳು ಹಿಡಿಯುವ ಯಂತ್ರಕ್ಕೆ 300 ಕೋಟಿ ಸುರಿದರು ಅನ್ನಿ. ಬಾಳಿಕೆ 15 ವರ್ಷವಾದರೆ ವರ್ಷಕ್ಕೆ ಲಾಭದಲ್ಲಿ ಕಳೆಯುವುದು 20 ಕೋಟಿ ಮಾತ್ರ. ಕೈಯಿಂದ ಹೋದ ಪೂರ್ತಿ ದುಡ್ಡು ಕಾಣುವುದು ನಗದು ಹರಿವಿನ ಪಟ್ಟಿಯಲ್ಲಿ.

ಆಮೇಲೆ ಹಿಂದಿನ ಪುಟಗಳ ಟಿಪ್ಪಣಿಗಳು. ಎಲ್ಲರೂ ಎಡವುವುದು ಇಲ್ಲೇ. ಮಾಲಿನ್ಯ ನಿಯಂತ್ರಣ ಮಂಡಳಿ 40 ಕೋಟಿ ಕಟ್ಟಿ ಎಂದಿದೆ, ಕಂಪನಿ ಕೋರ್ಟಿಗೆ ಹೋಗಿದೆ ಎಂದುಕೊಳ್ಳಿ. ಕಟ್ಟಬೇಕಾಗಿ ಬರುವ ಸಂಭವವೇ ಜಾಸ್ತಿ ಎನಿಸಿದರೆ ಅದು ‘ಪ್ರಾವಿಷನ್’. ಲಾಭದಿಂದ ಆಗಲೇ ಕಳೆದಿರುತ್ತಾರೆ, ನೀವು ಮತ್ತೆ ಕಳೆಯಬೇಡಿ. ಗೆಲ್ಲಬಹುದು ಎನಿಸಿದರೆ ‘ಕಂಟಿಂಜೆಂಟ್ ಲಯಬಿಲಿಟಿ’. ಆಗ ಒಂದು ರೂಪಾಯಿಯೂ ಕಳೆದಿರುವುದಿಲ್ಲ. ಟಿಪ್ಪಣಿಯಲ್ಲಿ ಒಂದು ಸಾಲು, ಅಷ್ಟೇ. ಯಾವುದು ಯಾವುದಕ್ಕೆ ಸೇರಬೇಕೆಂದು ಮೊದಲು ಅಂದಾಜಿಸುವುದು ಕಂಪನಿಯೇ ಅಲ್ವಾ? ಮೂರು ವರ್ಷದ ವರದಿ ಪಕ್ಕಪಕ್ಕ ಇಟ್ಟು ನೋಡಿ. ಹೀಗೆ ಕಳೆಯದೆ ಟಿಪ್ಪಣಿಯಲ್ಲೇ ಉಳಿದ ಮೊತ್ತ ವರ್ಷದ ಲಾಭದ ಹತ್ತರಲ್ಲಿ ಒಂದು ಪಾಲು ಮೀರಿದರೆ ನಾನಂತೂ ಕೊಳ್ಳುವುದಿಲ್ಲ.

ಟಿಪ್ಪಣಿಗೂ ಸಿಗದ ಖರ್ಚು ಒಂದಿದೆ, ಬಾಗಿಲು ಮುಚ್ಚುವುದು. ಕುದುರೆಮುಖದ ಅದಿರು ನೀರಿನ ಜೊತೆ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿಗೆ ಬರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಮಂಗಳೂರಿನಲ್ಲಿ ಅದಿರನ್ನು ಉಂಡೆ ಕಟ್ಟುವ ಕಾರ್ಖಾನೆ ಹೊರಗಿನಿಂದ ಅದಿರು ಕೊಂಡು ತರಿಸಬೇಕಾಯಿತು. ಹಾಗಾಗಿ ಗಣಿಯ ಅನುಮತಿ ಯಾವಾಗ ಮುಗಿಯುತ್ತದೆ, ಕಾಡಿನ ಕೇಸು ಇದೆಯಾ, ಕೇಳಿ ತಿಳಿದುಕೊಳ್ಳಿ.

ಕೊನೆಗೆ ಯುರೋಪಿಗೆ ಎಷ್ಟು ರಫ್ತು ನೋಡಿ. ಆಮದು ಸರಕಿನ ತಯಾರಿಕೆಯಲ್ಲಿ ಹೊರಬಿದ್ದ ಇಂಗಾಲಕ್ಕೆ ಅಲ್ಲಿ ಹಾಕುವ ಗಡಿ ಕಾರ್ಬನ್ ಶುಲ್ಕ 2026ರ ಜನವರಿಯಿಂದ ಜಾರಿ. ಊದುಕುಲುಮೆಯಲ್ಲಿ (ಬ್ಲಾಸ್ಟ್ ಫರ್ನೇಸ್) ಒಂದು ಟನ್ ಉಕ್ಕಿಗೆ ಎರಡು ಟನ್‌ಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆದರೆ ಆ ಅಷ್ಟೂ ಟನ್‌ಗೆ ಈಗಲೇ ಶುಲ್ಕದ ದರ ಗುಣಿಸಬೇಡಿ. ಶುಲ್ಕ ಸಣ್ಣದಾಗಿ ಶುರುವಾಗಿ, ಪೂರ್ತಿ ಆಗುವುದು 2034ಕ್ಕೆ. ಕಟ್ಟುವವನು ಅಲ್ಲಿನ ಆಮದುದಾರ. ಆದರೆ ಅವನು ನಮ್ಮವರ ಹತ್ತಿರ ಬೆಲೆ ಇಳಿಸಿ ಕೇಳುತ್ತಾನೆ.